ಫಾಶರ್‌ನ ಬಾಡಿಗೆ ಬಾಕಿ

2023ರ ಏಪ್ರಿಲ್ ಮೂರನೇ ವಾರ. ವಿಧಾನಸಭಾ ಚುನಾವಣೆಗೆ ನಾಮಪತ್ರ ಸಲ್ಲಿಸುವ ಗಲಾಟೆ. ಆಗ ನಾನು ಮೈಸೂರಿನ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕಿ. ಯಾರಿಗೆ ಟಿಕೆಟ್ ಸಿಕ್ಕಿತು, ಯಾರು ಬಂಡಾಯ ಎದ್ದರು, ಯಾರು ಕ್ಯಾಮೆರಾ ಮುಂದೆ ಕಣ್ಣೀರು ಹಾಕಿದರು ಎಂಬುದರಲ್ಲೇ ಪುಟಗಳು ತುಂಬಿಹೋಗುತ್ತಿದ್ದವು. ಒಂದು ಸಂಜೆ ಹುಣಸೂರಿನ ವರದಿಗಾರರು ಫೋನ್ ಮಾಡಿ, "ಮೇಡಂ, ನಮ್ಮ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಸುಡಾನ್‌ನಲ್ಲಿ ಸಿಕ್ಕಾಕೊಂಡವ್ರೆ. ಅಲ್ಲಿ ಯುದ್ಧ ಶುರುವಾಗೈತಂತೆ. ನೀರಿಲ್ಲ, ಊಟ ಇಲ್ಲ ಅಂತ ಮನೆಯವರಿಗೆ ಫೋನ್ ಮಾಡವ್ರೆ. ಒಳ್ಳೆ ಜಾಗ ಕೊಡಿ" ಅಂದರು.

ಕೊಟ್ಟೆವು. ಮುಖಪುಟದ ಕೆಳಭಾಗದಲ್ಲಿ ನಾಲ್ಕು ಕಾಲಂ. ಶೀರ್ಷಿಕೆ ನನ್ನದೇ: "ಖಾರ್ಟೂಮ್ ಕಾಳಗದಲ್ಲಿ ಸಿಲುಕಿದ ಹಕ್ಕಿಪಿಕ್ಕಿಗಳು". ಪ್ರಾಸ ಕೂಡಿಬಂದಿತ್ತು ಅಂತ ಒಳಗೊಳಗೇ ಖುಷಿಪಟ್ಟಿದ್ದೆ. ವರದಿಯ ಒಳಗೆ ಅವರು ಇದ್ದದ್ದು 'ಅಲ್ ಫಶೀರ್' ಎಂಬ ಊರಿನಲ್ಲಿ ಎಂದು ಸ್ಪಷ್ಟವಾಗಿಯೇ ಇತ್ತು. ಅದು ಖಾರ್ಟೂಮ್‌ನ ಯಾವುದೋ ಬಡಾವಣೆ ಇರಬೇಕು ಅಂದುಕೊಂಡೆ. ನಕಾಶೆ ತೆಗೆದು ನೋಡಲಿಲ್ಲ. ಖಾರ್ಟೂಮ್‌ನಿಂದ ಆ ಊರು ಪಶ್ಚಿಮಕ್ಕೆ ಸುಮಾರು 800 ಕಿಲೋಮೀಟರ್ ದೂರ. ಬೆಂಗಳೂರಿನಲ್ಲಿ ಸಿಕ್ಕಿಕೊಂಡವರನ್ನು ಮುಂಬೈಯಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಬರೆದ ಹಾಗೆ. ಮರುದಿನ ಯಾರೂ ಕೇಳಲಿಲ್ಲ. ಓದುಗರೂ ಕೇಳಲಿಲ್ಲ, ಸಂಪಾದಕರೂ ಕೇಳಲಿಲ್ಲ.

ಆಮೇಲಿನದು ನಿಮಗೆ ನೆನಪಿರಬಹುದು. ರಾಜ್ಯದ 31 ಹಕ್ಕಿಪಿಕ್ಕಿ ಜನರ ಬಗ್ಗೆ ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಅದಕ್ಕೆ ಖಾರವಾಗಿ ಉತ್ತರಿಸಿದರು, ಎರಡು ದಿನ ಅದೇ ಸುದ್ದಿ. ಏಪ್ರಿಲ್ 24ಕ್ಕೆ ಕೇಂದ್ರ ಸರ್ಕಾರ ತೆರವು ಕಾರ್ಯಾಚರಣೆ ಶುರು ಮಾಡಿತು. ಅದಕ್ಕೆ ಇಟ್ಟ ಹೆಸರು 'ಆಪರೇಷನ್ ಕಾವೇರಿ'. ನೌಕಾಪಡೆಯ ಹಡಗು, ವಾಯುಪಡೆಯ ವಿಮಾನಗಳಲ್ಲಿ ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ ಒಟ್ಟು 3,862 ಜನರನ್ನು ಕರೆತಂದರು. ಹಕ್ಕಿಪಿಕ್ಕಿ ಜನ ಬೆಂಗಳೂರಿಗೆ ಬಂದಿಳಿದರು. ಮೇ 7ರಂದು ಪ್ರಧಾನಿ ಅವರಲ್ಲಿ ಕೆಲವರನ್ನು ಶಿವಮೊಗ್ಗದಲ್ಲಿ ಭೇಟಿಯಾದರು. 10ಕ್ಕೆ ಮತದಾನ. ನಮ್ಮ ಡೆಸ್ಕಿನಲ್ಲಿ ಸುಡಾನಿನ ಫೈಲು ಅಲ್ಲಿಗೆ ಮುಚ್ಚಿತು.

ಜೂನ್‌ನಲ್ಲಿ ಭಾನುವಾರದ ಪುರವಣಿಗೆ ಒಂದು ಲೇಖನ ಬೇಕು ಅಂದಾಗ ನಾನೇ ಪಕ್ಷಿರಾಜಪುರಕ್ಕೆ ಹೋದೆ. ಹಕ್ಕಿಪಿಕ್ಕಿ ಜನ ಅಂದರೆ ನಮ್ಮ ಪತ್ರಿಕೆಗಳಿಗೆ ಯಾವಾಗಲೂ ಒಂದೇ ಸುದ್ದಿ: ಮಕ್ಕಳಿಗೆ ಹೈಕೋರ್ಟ್, ಗ್ಲೂಕೋಸ್ ಅಂತೆಲ್ಲ ಹೆಸರಿಡುತ್ತಾರೆ ಎಂಬುದು. ಅದನ್ನು ಕೇಳುವುದಿಲ್ಲ ಎಂದು ಶಪಥ ಮಾಡಿಕೊಂಡೇ ಹೋಗಿದ್ದೆ. ಬೇಟೆಯಾಡಿ, ಹಕ್ಕಿ ಹಿಡಿದು ಬದುಕುತ್ತಿದ್ದ ಈ ಜನಕ್ಕೆ 1972ರ ವನ್ಯಜೀವಿ ಕಾಯ್ದೆಯ ನಂತರ ಕಾಡು ಮುಚ್ಚಿತು. ಮಣಿಸರ, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಹೊತ್ತು ಊರೂರು ಸುತ್ತಿದರು. ಊರು ಸಾಲದೆ ದೇಶ ದೇಶ ಸುತ್ತಿದರು. ಶಾಲೆಯ ಮೆಟ್ಟಿಲು ಹತ್ತದವರೂ ಆಫ್ರಿಕಾದ ಐದಾರು ದೇಶ ನೋಡಿ ಬಂದಿರುತ್ತಾರೆ. ಮನೆಯಲ್ಲಿ ವಾಗ್ರಿ, ಹೊರಗೆ ಕನ್ನಡ, ಜೊತೆಗೆ ತಮಿಳು, ಹಿಂದಿ, ವ್ಯಾಪಾರಕ್ಕೆ ಬೇಕಾದಷ್ಟು ಫ್ರೆಂಚೋ ಅರಬ್ಬಿಯೋ. ನಾನು ಎಂ.ಎ. ಓದಿದವಳು, ಪಾಸ್‌ಪೋರ್ಟ್ ಕೂಡ ಮಾಡಿಸಿರಲಿಲ್ಲ.

ಅಲ್ಲಿ ಒಬ್ಬರು ಸಿಕ್ಕರು. ನಲವತ್ತರ ಆಸುಪಾಸು. ಹೆಸರು ಬರೆಯಬೇಡಿ ಅಂದಿದ್ದರು, ಬರೆಯುವುದಿಲ್ಲ. ಫಾಶರ್‌ನಲ್ಲಿ ಹೆಂಡತಿ, ತಮ್ಮನ ಜೊತೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು.

"ಶನಿವಾರ ಬೆಳಗ್ಗೆ ಢಂ ಅಂತು ಅಕ್ಕ. ಮದುವೆಗೆ ಪಟಾಕಿ ಹೊಡೀತಾ ಅವ್ರೇನೋ ಅಂದ್ಕೊಂಡೊ. ಮಾಲೀಕ ಓಡಿ ಬಂದು ಬಾಗಿಲು ಹಾಕ್ಕೊಳಿ ಅಂತ ಕೈ ಸನ್ನೆ ಮಾಡಿದ. ನಾಕೈದು ದಿನ ಅವ್ರ ಮನೇದೇ ನೀರು. ಜೋಳದ ಅಂಬಲಿ ತರ ಒಂದು ಮಾಡ್ತಾರೆ, ಗೋಡೆ ಮೇಲಿಂದ ಇಳಿಸೋರು."

ಲೇಖನಕ್ಕೆ ಬೇಕಾದದ್ದೆಲ್ಲ ಸಿಕ್ಕಿತು. ಏಳುವ ಹೊತ್ತಿಗೆ ಅವರು ಇನ್ನೊಂದು ಮಾತು ಹೇಳಿದರು. ಹೊರಡುವ ದಿನ ಎರಡು ತಿಂಗಳ ಬಾಡಿಗೆ ಬಾಕಿ ಇತ್ತಂತೆ. ಕೈಯಲ್ಲಿದ್ದದ್ದೆಲ್ಲ ಬಸ್ಸಿನವನಿಗೆ ಹೋಯಿತು. ಎರಡು ಚೀಲ ಎಣ್ಣೆ ಬಾಟಲಿ, ಒಲೆ, ಪಾತ್ರೆ ಕೋಣೆಯಲ್ಲೇ ಬಿಟ್ಟರು. ಬಾಡಿಗೆ ಅಂದಾಗ ಮಾಲೀಕ "ಮಾಫಿ ಮುಷ್ಕಿಲಾ" ಅಂದನಂತೆ.

"ಮನ್ನಾ ಮಾಡಿದನಾ?" ಅಂತ ಕೇಳಿದೆ.

ಅವರು ನಕ್ಕರು. "ಇಲ್ಲ ಅಕ್ಕ. ನಮ್ಮ ಸಾಲ ಮಾಫಿ ಅಲ್ಲ ಅದು. ಅವ್ರಲ್ಲಿ ಮಾಫಿ ಅಂದ್ರೆ 'ಇಲ್ಲ' ಅಂತ. ಮೋಯಾ ಮಾಫಿ, ನೀರಿಲ್ಲ. ಪರವಾಗಿಲ್ಲ, ತೊಂದರೆ ಇಲ್ಲ, ಆಮೇಲೆ ಕೊಡು ಅಂದ. ಗಲಾಟೆ ನಿಂತ್ಮೇಲೆ ಹೋಗ್ತೀನಲ್ಲ, ಕೊಡ್ತೀನಿ."

ಲೇಖನದಲ್ಲಿ ಇದನ್ನು ಬರೆಯಲಿಲ್ಲ. ಜಾಗ ಸಾಲಲಿಲ್ಲ ಎನ್ನಬಹುದು. ನಿಜ ಹೇಳಬೇಕೆಂದರೆ, ತಪ್ಪಿಸಿಕೊಂಡು ಬಂದವರ ಕಥೆಗೆ ಬಾಡಿಗೆ ಬಾಕಿ ಹೊಂದುವುದಿಲ್ಲ ಎನಿಸಿತ್ತು.

*

ಫಾಶರ್ ಸಾಮಾನ್ಯ ಊರಲ್ಲ. 'ಫಾಶರ್' ಎಂದರೆ ಸುಲ್ತಾನನ ಆಸ್ಥಾನ, ಅರಮನೆಯ ಅಂಗಳ. ಹದಿನೆಂಟನೇ ಶತಮಾನದ ಕೊನೆಯಿಂದ ದಾರ್‌ಫುರ್ ಸುಲ್ತಾನರ ರಾಜಧಾನಿ. ಅಲ್ಲಿನ ಕಡೆಯ ಸುಲ್ತಾನ ಅಲಿ ದಿನಾರ್‌ನನ್ನು ಬ್ರಿಟಿಷ್ ಪಡೆ 1916ರಲ್ಲಿ ಕೊಂದ ಮೇಲೆಯೇ ದಾರ್‌ಫುರ್ ಸುಡಾನಿಗೆ ಸೇರಿದ್ದು. ಅಂದರೆ ನಾವು 'ಸುಡಾನಿನ ಒಂದು ಮೂಲೆ' ಎನ್ನುವ ಆ ನಾಡು ಸುಡಾನಿನೊಳಗೆ ಇರುವುದು ನೂರು ಚಿಲ್ಲರೆ ವರ್ಷದಿಂದ ಮಾತ್ರ. 2003ರ ಏಪ್ರಿಲ್ 25ರಂದು ದಾರ್‌ಫುರ್‌ನ ಬಂಡಾಯಗಾರರು ಇದೇ ಊರಿನ ವಿಮಾನ ನಿಲ್ದಾಣಕ್ಕೆ ನುಗ್ಗಿ ಸೇನೆಯ ವಿಮಾನಗಳನ್ನು ಸುಟ್ಟರು. ಖಾರ್ಟೂಮ್ ಸರ್ಕಾರ ಅದಕ್ಕೆ ಉತ್ತರವಾಗಿ ಅರಬ್ ಬುಡಕಟ್ಟುಗಳ ಕುದುರೆ, ಒಂಟೆ ಸವಾರರಿಗೆ ಬಂದೂಕು ಕೊಟ್ಟು ಹಳ್ಳಿಗಳ ಮೇಲೆ ಬಿಟ್ಟಿತು. ಅವರೇ ಜಂಜಾವೀದ್. ಆ ಪಡೆಯಿಂದಲೇ 2013ರಲ್ಲಿ ಹುಟ್ಟಿದ್ದು ರ‍್ಯಾಪಿಡ್ ಸಪೋರ್ಟ್ ಫೋರ್ಸಸ್, ಅಂದರೆ ಆರ್‌ಎಸ್‌ಎಫ್. ಅದರ ನಾಯಕ ಮೊಹಮದ್ ಹಮ್ದಾನ್ ದಗಾಲೊ, ಎಲ್ಲರ ಬಾಯಲ್ಲಿ ಹೆಮೆದ್ತಿ.

ಯಾರು ಯಾರ ಮೇಲೆ ಯುದ್ಧ ಮಾಡುತ್ತಿದ್ದಾರೆ ಎಂದು ಡೆಸ್ಕಿನ ಗೋಡೆಗೆ ಅಂಟಿಸಲು ಒಮ್ಮೆ ಒಂದು ಪಟ್ಟಿ ಮಾಡಲು ಹೋಗಿದ್ದೆ. ಸೇನೆಯ ಮುಖ್ಯಸ್ಥ ಬುರ್ಹಾನ್ ಮತ್ತು ಹೆಮೆದ್ತಿ ಇಬ್ಬರೂ ಸೇರಿ 2021ರ ಅಕ್ಟೋಬರ್‌ನಲ್ಲಿ ಕ್ಷಿಪ್ರಕ್ರಾಂತಿ ಮಾಡಿದವರು. 2023ರ ಏಪ್ರಿಲ್ 15ರಿಂದ ಒಬ್ಬರ ಮೇಲೊಬ್ಬರು. ಇಷ್ಟಕ್ಕೇ ನಿಂತಿದ್ದರೆ ಎರಡು ಕಾಲಂ ಸಾಕಿತ್ತು. ದಾರ್‌ಫುರ್‌ನಲ್ಲಿ 2003ರಲ್ಲಿ ಸೇನೆಯ ವಿರುದ್ಧ ಎದ್ದಿದ್ದ ಬಂಡಾಯಗಾರರಾದ ಮಿನ್ನಿ ಮಿನ್ನಾವಿ, ಜಿಬ್ರಿಲ್ ಇಬ್ರಾಹಿಂ ಮೊದಲು ತಟಸ್ಥ, 2023ರ ನವೆಂಬರ್‌ನಿಂದ ಸೇನೆಯ ಜೊತೆ. ತಮ್ಮ ಹಳ್ಳಿ ಸುಡಿಸಿದ ಸೇನೆಯ ಜೊತೆ, ಹಳ್ಳಿ ಸುಟ್ಟವರ ವಿರುದ್ಧ. ಇನ್ನೊಬ್ಬ ಹಳೆಯ ಬಂಡಾಯಗಾರ ಅಬ್ದುಲ್ ವಾಹಿದ್ ಅಲ್ ನೂರ್ ಯಾರ ಕಡೆಗೂ ಇಲ್ಲ. ಜೆಬೆಲ್ ಮರ‍್ರಾ ಬೆಟ್ಟಗಳಲ್ಲಿ, ತವಿಲಾ ಎಂಬ ಊರಿನಲ್ಲಿ ಅವನದೇ ಆಡಳಿತ. ದಕ್ಷಿಣದ ನೂಬಾ ಬೆಟ್ಟಗಳಲ್ಲಿ ಅಲ್ ಹಿಲು ಎಂಬವನ ಪಡೆ 2025ರ ಫೆಬ್ರವರಿಯಲ್ಲಿ ಆರ್‌ಎಸ್‌ಎಫ್ ಜೊತೆ ಕೈ ಜೋಡಿಸಿತು. ಸೇನೆಯ ಬೆನ್ನಿಗೆ ಹಳೆಯ ಸರ್ವಾಧಿಕಾರಿ ಬಶೀರ್ ಕಾಲದ ಇಸ್ಲಾಮಿಸ್ಟ್ ದಳಗಳು. ಆರ್‌ಎಸ್‌ಎಫ್‌ಗೆ ಶಸ್ತ್ರ ಕೊಡುತ್ತಿರುವುದು ಯುಎಇ ಎಂಬ ಆರೋಪ. ವಿಶ್ವಸಂಸ್ಥೆಯ ತಜ್ಞರು ಅದು ನಂಬಲರ್ಹ ಎಂದರು, ಯುಎಇ ಅಲ್ಲಗಳೆಯಿತು. ಪಟ್ಟಿಯಲ್ಲಿ ಬಾಣದ ಗುರುತು ಹಾಕುತ್ತಾ ಹಾಕುತ್ತಾ ಹಾಳೆಯೇ ಮುಳ್ಳಿನ ಪೊದೆಯಾಯಿತು. ಹಿರಿಯ ಸಹೋದ್ಯೋಗಿ ನೋಡಿ, "ಬಿಡಮ್ಮಾ, ನಮ್ಮ ಓದುಗರಿಗೆ ಇಷ್ಟೆಲ್ಲ ಯಾಕೆ" ಅಂದರು. ಮಡಚಿ ಡ್ರಾಯರಿನಲ್ಲಿಟ್ಟೆ.

ಆ ಪಟ್ಟಿಯಲ್ಲಿ ನನಗೆ ಬಹಳ ದಿನ ಅರ್ಥವಾಗದೇ ಉಳಿದದ್ದು, 2023ರ ಏಪ್ರಿಲ್‌ನಲ್ಲಿ ನಮ್ಮವರು ಜೀವಂತ ಬಂದದ್ದು ಹೇಗೆ ಎಂಬುದು. ಫಾಶರ್‌ನಲ್ಲಿ ಮೊದಲ ದಿನಗಳ ಕಾಳಗದ ನಂತರ ಊರಿನ ಹಿರಿಯರೇ ಸಮಿತಿ ಮಾಡಿಕೊಂಡು ಎರಡೂ ಕಡೆಯವರ ಜೊತೆ ಮಾತಾಡಿ ಕದನ ನಿಲ್ಲಿಸಿದ್ದರು. ಊರಿನ ಒಂದು ಪಾಲು ಸೇನೆಗೆ, ಒಂದು ಪಾಲು ಆರ್‌ಎಸ್‌ಎಫ್‌ಗೆ. ನಡುವೆ ಬಂಡಾಯಗಾರರ ಜಂಟಿ ಪಡೆ. ವಿಶ್ವಸಂಸ್ಥೆಯೂ ಅಲ್ಲ, ಅಮೆರಿಕವೂ ಅಲ್ಲ, ನಾವೂ ಅಲ್ಲ. ಬಿಳಿ ರುಮಾಲಿನ ಮುದುಕರು. ಅವರು ದೊರಕಿಸಿಕೊಟ್ಟ ಆ ಬಿಡುವಿನಲ್ಲೇ ಬಸ್ಸುಗಳು ಹೊರಟದ್ದು. ಆಪರೇಷನ್ ಕಾವೇರಿಗೆ ನಾವೆಲ್ಲ ಚಪ್ಪಾಳೆ ತಟ್ಟಿದೆವು, ತಟ್ಟಬೇಕಾದದ್ದೇ. ಆ ಮುದುಕರ ಸುದ್ದಿ ನಮ್ಮ ಪುಟಗಳಲ್ಲಿ ಒಂದು ಸಾಲೂ ಬರಲಿಲ್ಲ.

*

2023ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ದಾರ್‌ಫುರ್‌ನ ದೊಡ್ಡ ಊರುಗಳು ಒಂದೊಂದಾಗಿ ಆರ್‌ಎಸ್‌ಎಫ್ ಕೈಗೆ ಬಿದ್ದವು: ನ್ಯಾಲಾ, ಜಾಲಿಂಗೇ, ಜೆನೀನಾ, ದಯೀನ್. ಜೆನೀನಾದಲ್ಲಿ ಮಸಾಲಿತ್ ಜನರನ್ನು ಹುಡುಕಿ ಹುಡುಕಿ ಕೊಂದರು. ಆ ಒಂದು ಊರಿನಲ್ಲೇ ಆ ವರ್ಷ ಸತ್ತವರು 10,000ದಿಂದ 15,000 ಎಂದು ವಿಶ್ವಸಂಸ್ಥೆಯ ತಜ್ಞರ ವರದಿಯಲ್ಲಿದೆ. ತಪ್ಪಿಸಿಕೊಂಡವರಲ್ಲಿ ಅನೇಕರು ಹೋಗಿ ಸೇರಿದ್ದು ಫಾಶರ್‌ಗೆ. ಉಳಿದದ್ದು ಅದೊಂದೇ ಊರು. 2024ರ ಏಪ್ರಿಲ್‌ನಲ್ಲಿ ಉತ್ತರದ ಮೆಲ್ಲಿತ್ ಪಟ್ಟಣವನ್ನು ಹಿಡಿದು ದಾರಿ ಕಟ್ಟಿದರು, ಮೇ 10ರಿಂದ ದೊಡ್ಡ ದಾಳಿ ಶುರು. ಜೂನ್ 13ರಂದು ಭದ್ರತಾ ಮಂಡಳಿ ಮುತ್ತಿಗೆ ನಿಲ್ಲಿಸಿ ಎಂದು ನಿರ್ಣಯ ಮಾಡಿತು. 14 ಮತ ಪರ, ರಷ್ಯಾ ತಟಸ್ಥ. ಮುತ್ತಿಗೆ ನಿಲ್ಲಲಿಲ್ಲ.

ಆ ಮೇ ತಿಂಗಳಲ್ಲಿ ಆ ಸುದ್ದಿಯನ್ನು ಕನ್ನಡಕ್ಕೆ ಇಳಿಸಿದವಳೂ ನಾನೇ. ವಿದೇಶ ಪುಟದ ಎಡ ಅಂಚಿನಲ್ಲಿ, ಮೂರು ಸಾಲು. "ಸುಡಾನ್: ಎಲ್ ಫಾಶರ್ ನಗರಕ್ಕೆ ಮುತ್ತಿಗೆ". ಈ ಸಲ ಸುದ್ದಿಸಂಸ್ಥೆಯ ಪ್ರತಿಯಲ್ಲಿ ಹೆಸರಿನ ಕಾಗುಣಿತ ಬೇರೆ ಇತ್ತು. ಅಲ್ ಫಶೀರ್ ಮತ್ತು ಎಲ್ ಫಾಶರ್ ಒಂದೇ ಊರು ಎಂದು ನನಗೆ ಹೊಳೆಯಲಿಲ್ಲ. ಗೋಡೆ ಮೇಲಿಂದ ಅಂಬಲಿ ಇಳಿಸಿದ ಮನೆಗೇ ಮುತ್ತಿಗೆ ಬಿದ್ದಿದೆ ಎಂದು ತಿಳಿಯದೆ, ಮೂರು ಸಾಲು ಟೈಪು ಮಾಡಿ, ಚಹಾ ಕುಡಿಯಲು ಎದ್ದು ಹೋದೆ. ಅದು ಹೊಳೆದದ್ದು ಒಂದು ವರ್ಷದ ಮೇಲೆ, ಅದೂ ಹಿಂಡಿಯ ದೆಸೆಯಿಂದ.

2025ರ ಆಗಸ್ಟ್. ಫಾಶರ್‌ನಲ್ಲಿ ಜನ 'ಅಂಬಾಜ್' ತಿಂದು ಬದುಕುತ್ತಿದ್ದಾರೆ ಎಂದು ಎಲ್ಲ ಕಡೆ ವರದಿ ಬರತೊಡಗಿತು. ಅಂಬಾಜ್ ಅಂದರೆ ಶೇಂಗಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ, ದನಕ್ಕೆ ಹಾಕುವ ಮೇವು ಎಂದು ವಿವರಣೆ ಇತ್ತು. ವಿವರಣೆಯನ್ನು ಅರ್ಧಕ್ಕೇ ನಿಲ್ಲಿಸಿದೆ. ಚಳ್ಳಕೆರೆಯವಳಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಅದು ಹಿಂಡಿ.

ನಮ್ಮ ಊರಿಗೆ 'ಎಣ್ಣೆ ನಗರ' ಎಂದು ಹೆಸರು ಬಂದ ಕಾಲದಲ್ಲಿ ಅಪ್ಪ ಒಂದು ಶೇಂಗಾ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಪಾಮೋಲಿನ್ ಬಂದು ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದು ಆಮೇಲೆ. ರಜೆಯಲ್ಲಿ ನಾನೂ ತಮ್ಮನೂ ಮಿಲ್ಲಿಗೆ ಬುತ್ತಿ ಒಯ್ಯುತ್ತಿದ್ದೆವು. ಯಂತ್ರದ ಬಾಯಿಂದ ಹಪ್ಪಳದಂತೆ ಬಿಸಿ ಬಿಸಿ ಹಿಂಡಿ ಬೀಳುತ್ತಿತ್ತು. ಹಮಾಲಿಗಳು ಒಂದು ತುಂಡು ಮುರಿದು, ಬೆಲ್ಲದ ಚೂರು ಕೈಗಿಡುತ್ತಿದ್ದರು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಸಿಹಿ ಇರಲಿಲ್ಲ. ತಣ್ಣಗಾದ ಮೇಲೆ ಅದು ಹಲಗೆಯ ಹಾಗೆ. ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಗ್ಗೆ ಎಮ್ಮೆಯ ಮುಂದಿಡಬೇಕು. ಹಳೆಯದಾಗಿ ಬೂಷ್ಟು ಹಿಡಿದಿದ್ದರೆ ಎಮ್ಮೆಯೂ ಮೂಸಿ ಮುಖ ತಿರುಗಿಸುತ್ತದೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ಹಿಂಡಿ ತಿಂದು ಮನುಷ್ಯ ಎಷ್ಟು ದಿನ ಇರಬಹುದು?"

"ಯಾಕಮ್ಮಾ, ಏನಾತು?"

ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರದಾಗೆ ನಾವೂ ತಿಂದೀವಿ. ನಿಮ್ಮಜ್ಜಿ ನೆನೆಹಾಕಿ, ಅರೆದು, ಸೊಪ್ಪಿನ ಜತಿ ಬೇಯಿಸೋಳು. ಎಂಟ್ ದಿನ, ಹತ್ತು ದಿನ. ಆಮ್ಯಾಲೆ ಹೊಟ್ಟೆ ಉಬ್ಬುತ್ತೆ. ಸಣ್ಣ ಹುಡುಗ್ರಿಗೆ ಆಗಲ್ಲ" ಅಂದರು. ಮತ್ತೆ, "ಆ ಊರಾಗೆ ದನ ಏನ್ ತಿಂತಾವಂತೆ?" ಎಂದು ಕೇಳಿದರು.

ನನಗೆ ಉತ್ತರ ಗೊತ್ತಿತ್ತು. ಆ ಊರಿನಲ್ಲಿ ದನ ಉಳಿದಿರಲಿಲ್ಲ.

ಊರಿನ ಹೆಸರು ಸರಿಯಾಗಿ ನೋಡಬೇಕೆಂದು ನಕಾಶೆ ತೆಗೆದದ್ದು ಅವತ್ತೇ. ಕಾಗುಣಿತ ಎರಡಾದರೂ ಚುಕ್ಕೆ ಒಂದೇ ಎಂದು ಗೊತ್ತಾದದ್ದು ಅವತ್ತೇ. ಎರಡು ವರ್ಷದ ಹಿಂದಿನ ನನ್ನ ಶೀರ್ಷಿಕೆಯನ್ನು ಹುಡುಕಿದೆ. ಜಾಲತಾಣದಲ್ಲಿ ಹಾಗೇ ಇತ್ತು, ಖಾರ್ಟೂಮ್ ಕಾಳಗ, ಪ್ರಾಸ ಸಮೇತ.

ಆಮೇಲೆ ದಿನಾ ನೋಡತೊಡಗಿದೆ. ಯೇಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದವರು ಉಪಗ್ರಹ ಚಿತ್ರ ನೋಡಿ ವರದಿ ಬರೆಯುತ್ತಿದ್ದರು. ಆರ್‌ಎಸ್‌ಎಫ್ ಊರಿನ ಸುತ್ತ ಮಣ್ಣಿನ ಒಡ್ಡು ಕಟ್ಟುತ್ತಿದೆ ಎಂದು ತೋರಿಸಿದ್ದೂ ಅವರೇ. ಆಗಸ್ಟ್ ಕೊನೆಯ ಹೊತ್ತಿಗೆ 31 ಕಿಲೋಮೀಟರ್. ನಮ್ಮ ಕಡೆ ಒಡ್ಡು ಹಾಕುವುದು ಹೊಲದ ನೀರು ಆಚೆ ಹೋಗಬಾರದೆಂದು. ಇಲ್ಲಿ ಮನುಷ್ಯರು ಆಚೆ ಹೋಗಬಾರದೆಂದು, ಒಂದು ಮೂಟೆ ರಾಗಿಯೂ ಒಳಗೆ ಬರಬಾರದೆಂದು. ಹಳೆಯ ಕೋಟೆಗಳ ಗೋಡೆಯನ್ನು ಒಳಗಿನವರು ಕಟ್ಟುತ್ತಿದ್ದರು. ಚಿತ್ರದುರ್ಗ ನೋಡಿ ಬೆಳೆದ ನನಗೆ ಹೊರಗಿನವರು ಕಟ್ಟುವ ಕೋಟೆ ಎಂದರೇನೆಂದು ತಿಳಿಯಲು ಹೊತ್ತು ಹಿಡಿಯಿತು.

ಊರಿಗೆ ಹತ್ತಿರದ ಜಮ್ಜಮ್ ಶಿಬಿರದಲ್ಲಿ ಕ್ಷಾಮವಿದೆ ಎಂದು 2024ರ ಆಗಸ್ಟ್‌ನಲ್ಲೇ ಅಧಿಕೃತವಾಗಿ ಘೋಷಣೆಯಾಗಿತ್ತು. 2025ರ ಏಪ್ರಿಲ್‌ನಲ್ಲಿ ಆರ್‌ಎಸ್‌ಎಫ್ ಆ ಶಿಬಿರಕ್ಕೇ ನುಗ್ಗಿ ಖಾಲಿ ಮಾಡಿಸಿತು. ನೂರಾರು ಜನ ಸತ್ತರು, ಲಕ್ಷಾಂತರ ಜನ ಓಡಿದರು. ಸೆಪ್ಟೆಂಬರ್ 19ರ ಶುಕ್ರವಾರ, ಬೆಳಗಿನ ನಮಾಜಿನ ಹೊತ್ತಿಗೆ ಊರಿನ ಒಂದು ಮಸೀದಿಯ ಮೇಲೆ ಡ್ರೋನ್ ಬಿದ್ದು 70ಕ್ಕೂ ಹೆಚ್ಚು ಜನ ಸತ್ತರು. ಒಳಗೆ ಆಗ ಉಳಿದಿದ್ದವರು ಸುಮಾರು 2,60,000, ಅದರಲ್ಲಿ ಅರ್ಧ ಮಕ್ಕಳು ಎಂದು ವಿಶ್ವಸಂಸ್ಥೆಯ ಅಂದಾಜು. ಮೊಹಲ್ಲಾಗಳ ಹುಡುಗರು, ಹೆಂಗಸರು ಸೇರಿ ನಡೆಸುತ್ತಿದ್ದ ಗಂಜಿ ಕೇಂದ್ರಗಳು ಒಂದೊಂದಾಗಿ ಒಲೆ ಆರಿಸಿದವು. ಸುಡಾನಿನಾದ್ಯಂತ ಇಂಥ ಕೇಂದ್ರಗಳನ್ನು ನಡೆಸುವ ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್ಸ್ ಎಂಬ ಸ್ವಯಂಸೇವಕರ ಜಾಲಕ್ಕೆ ಆ ವರ್ಷ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅತ್ತ ಹೇಗ್‌ನಲ್ಲಿ ಅಕ್ಟೋಬರ್ 6ರಂದು, ಇಪ್ಪತ್ತು ವರ್ಷದ ಹಿಂದೆ ದಾರ್‌ಫುರ್‌ನಲ್ಲಿ ಜಂಜಾವೀದ್ ಪಡೆ ನಡೆಸಿದ ಅಲಿ ಕುಶೈಬ್ ಎಂಬವನು ಅಪರಾಧಿ ಎಂದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಹಳೆಯ ಲೆಕ್ಕ ಓದಿ ಮುಗಿಸುವ ಹೊತ್ತಿಗೆ ಹೊಸ ಲೆಕ್ಕಕ್ಕೆ ಇನ್ನು ಇಪ್ಪತ್ತೇ ದಿನ.

ಅಕ್ಟೋಬರ್ 26, ಭಾನುವಾರ. ಸೇನೆಯ 6ನೇ ಪದಾತಿ ದಳದ ಕೇಂದ್ರ ಕಚೇರಿ ಬಿತ್ತು. ಮರುದಿನ ಬುರ್ಹಾನ್ ಟೀವಿಯಲ್ಲಿ, ಊರಿಗೆ ಇನ್ನಷ್ಟು ಹಾನಿಯಾಗದಿರಲೆಂದು ಸೇನೆ ಹಿಂದೆ ಸರಿದಿದೆ ಎಂದರು. ಸೇನೆ ಸರಿಯಿತು, ಊರು ಎಲ್ಲಿಗೆ ಸರಿಯಬೇಕು? ಆ ವಾರ ನಡೆದದ್ದರ ಬಗ್ಗೆ ಹೆಚ್ಚು ಬರೆಯಲಾರೆ. ಕೊಂದವರೇ ವಿಡಿಯೊ ಮಾಡಿ ಹಂಚಿದರು. ಎರಡು ನೋಡಿದೆ, ಮೂರನೆಯದನ್ನು ನೋಡಲಿಲ್ಲ. ಊರಿನಲ್ಲಿ ಹೇಗೋ ನಡೆಯುತ್ತಿದ್ದ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹೆರಿಗೆ ಆಸ್ಪತ್ರೆ ಎಂಬ ಪದವನ್ನು ಟೈಪು ಮಾಡುವಾಗ ಬೆರಳು ನಿಂತಿತು. ಯೇಲ್‌ನವರ ಉಪಗ್ರಹ ಚಿತ್ರಗಳಲ್ಲಿ ಬೀದಿಗಳಲ್ಲಿ ಮನುಷ್ಯದೇಹದ ಗಾತ್ರದ ಆಕೃತಿಗಳು, ಪಕ್ಕದಲ್ಲಿ ಕೆಂಪಾದ ನೆಲ. ಆಕಾಶದಿಂದ ಅಷ್ಟು ಕಾಣುತ್ತಿತ್ತು. ನಮ್ಮ ಪತ್ರಿಕೆಯಲ್ಲಿ ಆ ದಿನ ಸುದ್ದಿ ಒಂದು ಕಾಲಂ. ಜಗಳವಾಡಿ ಎರಡು ಮಾಡಿಸಿದೆ. 'ಎರಡು ವರ್ಷದ ಹಿಂದೆ ಹುಣಸೂರಿನವರು ಇದ್ದದ್ದು ಇದೇ ಊರಿನಲ್ಲಿ' ಎಂಬ ಸಾಲು ಸೇರಿಸಿದೆ. ಅದನ್ನೂ ಸೇರಿಸದಿದ್ದರೆ ಎರಡು ಕಾಲಂ ಸಿಗುತ್ತಿರಲಿಲ್ಲ ಎಂಬುದೂ ನಿಜವೇ.

*

ನವೆಂಬರ್‌ನಲ್ಲಿ ಮತ್ತೆ ಪಕ್ಷಿರಾಜಪುರಕ್ಕೆ ಹೋದೆ. ಈ ಸಲ ಪತ್ರಿಕೆಯ ಕೆಲಸವಲ್ಲ. ಅವರ ಮನೆಯ ಜಗುಲಿಯಲ್ಲಿ ಖಾಲಿ ಬಾಟಲಿಗಳ ರಾಶಿ, ಹೆಂಡತಿ ಲೇಬಲ್ ಅಂಟಿಸುತ್ತಿದ್ದರು. ನನ್ನನ್ನು ಗುರುತು ಹಿಡಿದು ಚಾಪೆ ಹಾಸಿದರು. ಫಾಶರ್ ಅಂದ ತಕ್ಷಣ ಅವರು ಏನೂ ಮಾತಾಡದೆ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು.

ಮಾಲೀಕನ ಮಗನಿಗೆ ಮೊಬೈಲ್ ರಿಪೇರಿ ಅಂಗಡಿ ಇತ್ತಂತೆ. ಅವನ ನಂಬರ್. 2023ರಿಂದ ಧ್ವನಿ ಸಂದೇಶಗಳು, ಒಟ್ಟು ಹದಿನೇಳು. ಮೊದಮೊದಲು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಆಮೇಲೆ ಮೂರು ನಾಲ್ಕು ತಿಂಗಳಿಗೊಂದು. ಊರಿನ ದೂರವಾಣಿ ಜಾಲ ಸತ್ತು, ಉಪಗ್ರಹ ಇಂಟರ್ನೆಟ್ ಇದ್ದವರ ಬಳಿ ಹಣ ಕೊಟ್ಟು ಮಾತಾಡಬೇಕಾದ ಕಾಲ. ಕೊನೆಯದು 2025ರ ಆಗಸ್ಟ್‌ನದು.

"ನಂಗೆ ಅರ್ಧಂಬರ್ಧ ಅರ್ಥ ಆಯ್ತದೆ ಅಕ್ಕ" ಅಂದರು. "ಮಾಫಿ ಮಾಫಿ ಅಂತಾನೆ. ಏನೇನು ಮಾಫಿ ಅಂತ ಗೊತ್ತಾಗಲ್ಲ."

ಸಂದೇಶಗಳನ್ನು ನನ್ನ ಫೋನಿಗೆ ಹಾಕಿಸಿಕೊಂಡು ಬಂದೆ. ಮೈಸೂರಿನಲ್ಲಿ ಓದುತ್ತಿರುವ ಸುಡಾನಿನ ವಿದ್ಯಾರ್ಥಿಗಳಿದ್ದಾರೆ. ಪರಿಚಯದವರ ಮೂಲಕ ಒಬ್ಬ ಹುಡುಗ ಸಿಕ್ಕ, ಖಾರ್ಟೂಮ್‌ಗೆ ಹೊಂದಿಕೊಂಡಂತಿರುವ ಒಮ್ದುರ್ಮಾನ್‌ನವನು. ಸರಸ್ವತಿಪುರಂನ ಒಂದು ಹೋಟೆಲಿನಲ್ಲಿ ಕೂತು ಕಿವಿಗೆ ಹಾಕಿಕೊಂಡ. ಕಡೆಯದನ್ನು ಮೂರು ಸಲ ಕೇಳಿದ. ನೀರಿಲ್ಲ, ಔಷಧಿ ಇಲ್ಲ, ರೊಟ್ಟಿ ಇಲ್ಲ, ಅಂಬಾಜ್ ಕೂಡ ತುಟ್ಟಿಯಾಗಿದೆ. ತಂದೆ ನಡೆಯಲಾರ, ಅದಕ್ಕೇ ನಾವು ಹೊರಟಿಲ್ಲ. ನಿಮ್ಮ ಒಲೆಯನ್ನು ಉಪಯೋಗಿಸುತ್ತಿದ್ದೇವೆ, ತಪ್ಪು ತಿಳಿಯಬೇಡಿ. ಎಣ್ಣೆ ಬಾಟಲಿ ಹಾಗೇ ಇವೆ. ಅಮ್ಮ ಎಲ್ಲರಿಗೂ ಸಲಾಂ ಹೇಳುತ್ತಾಳೆ.

ಹುಡುಗ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಬಹಳ ಹೊತ್ತಿನ ಮೇಲೆ, "ಮೇಡಂ, ದಾರ್‌ಫುರ್ ಉರಿಯುವಾಗ ನಾನು ಚಿಕ್ಕವನು. ನಮ್ಮ ಮನೆಯಲ್ಲಿ ಯಾರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ. ದೂರದ ಊರು ಅಂತಿದ್ದರು ಅಷ್ಟೆ. ನಮ್ಮ ಬೀದಿಗೆ ಅದೇ ಜನ ಬಂದಾಗಲೇ ನಮಗೆ ಗೊತ್ತಾದದ್ದು" ಅಂದ. ಕಾಫಿ ಆರಿಹೋಗಿತ್ತು. ನಾನು ನನ್ನ ಶೀರ್ಷಿಕೆಯ ಕಥೆ ಹೇಳಿದೆ. ಅವನು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ಖಾರ್ಟೂಮ್‌ನವರೂ ನಕಾಶೆ ನೋಡುತ್ತಿರಲಿಲ್ಲ" ಅಂದ.

ಫಾಶರ್‌ನಿಂದ ನಡೆದು ಬಂದವರು ಸೇರುವುದು ತವಿಲಾಕ್ಕೆ, ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್. ಅಕ್ಟೋಬರ್ ಕೊನೆಯ ದಿನಗಳಲ್ಲಿ ಅಲ್ಲಿಗೆ ತಲುಪಿದವರು ಕೆಲವೇ ಸಾವಿರ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದ ಊರಿನ ಲೆಕ್ಕಕ್ಕೆ ಅದು ಹೊಂದುವುದಿಲ್ಲ ಎಂದು ನೆರವಿನ ಸಂಸ್ಥೆಗಳವರು ಮತ್ತೆ ಮತ್ತೆ ಹೇಳುತ್ತಿದ್ದರು. ನಡೆಯಲಾರದ ತಂದೆಯನ್ನು ಬಿಟ್ಟು ಬಂದಿರುವರೋ, ಹೊತ್ತು ತಂದಿರುವರೋ, ಅಲ್ಲೇ ಉಳಿದರೋ.

ಕಳೆದ ವಾರ ಅವರೇ ಫೋನ್ ಮಾಡಿದ್ದರು. ಸಂದೇಶಗಳಲ್ಲಿ ಏನಿತ್ತೆಂದು ನಾನು ಬರೆದು ಕೊಟ್ಟಿದ್ದೆ, ಮಗಳ ಕೈಲಿ ಓದಿಸಿಕೊಂಡಿದ್ದರು. ಒಲೆಯ ವಿಷಯ ಎರಡು ಸಲ ಓದಿಸಿದರಂತೆ.

"ಅಕ್ಕ, ಒಂದು ಲೆಕ್ಕ ಹೇಳಿ. ನಾವು ಬಂದಾಗ ಒಂದು ಡಾಲರಿಗೆ ಆರು ನೂರು ಪೌಂಡು ಇತ್ತು. ಈಗೆಷ್ಟು?"

ಕಾಳಸಂತೆಯಲ್ಲಿ 3,000 ದಾಟಿದೆ ಅಂದೆ.

"ಹಂಗಾದ್ರೆ ಎರಡು ತಿಂಗಳ ಬಾಡಿಗೆ ಅಂದ್ರೆ ಈಗ ಒಂದು ಸೇರು ಸಕ್ಕರೆನೂ ಬರಲ್ಲ. ಆ ಲೆಕ್ಕದಲ್ಲಿ ಕೊಡಕ್ಕಾಗಲ್ಲ, ಅನ್ಯಾಯ ಆಯ್ತದೆ. ಡಾಲರ್ ಲೆಕ್ಕದಲ್ಲೇ ಇಟ್ಟಿದೀನಿ, ಬೇರೆ ಕಡೆ." ಸ್ವಲ್ಪ ತಡೆದು ಕೇಳಿದರು: "ತವಿಲಾದಲ್ಲಿ ಬಂದೋರ ಹೆಸರು ಪಟ್ಟಿ ಮಾಡ್ತಾರಂತಲ್ಲ. ನೀವು ಪೇಪರ್‌ನೋರು, ಕೇಳಿದ್ರೆ ಕೊಡ್ತಾರಾ? ಅಪ್ಪನ ಹೆಸರು, ಮಗನ ಹೆಸರು ಎರಡೂ ಗೊತ್ತು ನಂಗೆ. ಅರಬ್ಬಿಲಿ ಹೆಂಗೆ ಬರೀತಾರೆ ಅದು ಗೊತ್ತಿಲ್ಲ."

ಆ ಹುಡುಗನನ್ನು ಕೇಳಿ ಬರೆಸಿ ಕಳಿಸುತ್ತೇನೆ ಅಂದೆ. ನಾಳೆ ಸಂಜೆ ಐದಕ್ಕೆ ಅವನು ಬರುತ್ತೇನೆಂದಿದ್ದಾನೆ, ಅದೇ ಹೋಟೆಲಿಗೆ. ಎರಡು ಹೆಸರನ್ನೂ ಕಾಗುಣಿತ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಬರೆಸಿಕೊಳ್ಳಬೇಕು.